ಗುಮ್ಮಟಕ್ಕೆ ದಾರಿ ಬಿಟ್ಟ ಗೋಪುರಗಳು

ಮುಂಬೈಯಲ್ಲಿ ನಲವತ್ತು ಐವತ್ತು ಅಂತಸ್ತಿನ ಕಟ್ಟಡಗಳಿಗೆ ಕಾಲಂ, ಬೀಮು, ಶಿಯರ್ ವಾಲ್‌ಗಳ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಇಲ್ಲಿ ಎತ್ತರಕ್ಕೆ ಅಡ್ಡ ಬರುವ ಸಂಗತಿಗಳು ಎಲ್ಲರಿಗೂ ಗೊತ್ತಿರುವಂಥವೇ. ಎಫ್‌ಎಸ್‌ಐ, ವಿಮಾನ ನಿಲ್ದಾಣದವರ ಎನ್‌ಒಸಿ, ಅಗ್ನಿಶಾಮಕ ದಳದ ನಿಯಮ, ಕೊನೆಗೆ ಬಿಲ್ಡರ್‌ನ ಜೇಬು. ಲಂಡನ್ನಿನಲ್ಲಿ 2014ರಲ್ಲಿ ಮುಗಿದ ಲೆಡನ್‌ಹಾಲ್ ಬಿಲ್ಡಿಂಗ್‌ಗೆ ಅಡ್ಡ ಬಂದದ್ದು ಇವ್ಯಾವುವೂ ಅಲ್ಲ. ಸುಮಾರು 225 ಮೀಟರ್ ಎತ್ತರದ ಆ ಕಟ್ಟಡದ ಒಂದು ಮುಖ ನೆಲದಿಂದ ತುದಿಯವರೆಗೆ ಹಿಂದಕ್ಕೆ ವಾಲಿಕೊಂಡೇ ಹೋಗುತ್ತದೆ. ಪ್ರತಿ ಅಂತಸ್ತೂ ಕೆಳಗಿನದಕ್ಕಿಂತ ಸಣ್ಣದು. ಲಂಡನ್ನಿನವರು ಅದನ್ನು ತಮಾಷೆಗೆ ಚೀಸ್ ತುರಿಯುವ ಮಣೆ ಎನ್ನುತ್ತಾರೆ. ಮೇಲಿನ ಅಂತಸ್ತಿಗೇ ಹೆಚ್ಚು ಬಾಡಿಗೆ ಸಿಗುವ ಊರಿನಲ್ಲಿ ಮೇಲಿನ ಅಂತಸ್ತನ್ನೇ ಕೊರೆದು ಚಿಕ್ಕದು ಮಾಡಿದ್ದು ಏಕೆಂದರೆ, ಫ್ಲೀಟ್ ಸ್ಟ್ರೀಟಿನಲ್ಲಿ ನಡೆದು ಬರುವವನಿಗೆ ಸೇಂಟ್ ಪಾಲ್ ಕೆಥೆಡ್ರಲ್‌ನ ಗುಮ್ಮಟದ ಪಕ್ಕದಲ್ಲಿ ಈ ಗಾಜಿನ ಗೋಡೆ ಇಣುಕಬಾರದು.

ಸತ್ತು 300 ವರ್ಷ ದಾಟಿದ ಒಬ್ಬ ಮನುಷ್ಯನ ಕೆಲಸ ಇವತ್ತಿನ ಸ್ಟ್ರಕ್ಚರಲ್ ಎಂಜಿನಿಯರನ ಗ್ರಿಡ್ ಲೈನನ್ನು ಓರೆ ಮಾಡಿಸುತ್ತದೆ ಎಂದರೆ, ಆತ ಯಾರು ಎಂದು ತಿಳಿಯಬೇಕೆನಿಸಿತು. ಹೆಸರು ಗೊತ್ತಿತ್ತು, ಕ್ರಿಸ್ಟೋಫರ್ ರೆನ್. ಓದುತ್ತ ಹೋದಂತೆ ಮೊದಲು ಬೆರಗು ಹುಟ್ಟಿಸಿದ್ದು ಒಂದು ಸಣ್ಣ ಸಂಗತಿ: ಮೂವತ್ತರ ಹೊಸ್ತಿಲವರೆಗೂ ಈ ಮನುಷ್ಯ ಕಟ್ಟಡದ ಕೆಲಸಕ್ಕೆ ಕೈ ಹಚ್ಚಿದವನೇ ಅಲ್ಲ.

ಆತ ಹುಟ್ಟಿದ್ದು 1632ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಷರ್ ಸೀಮೆಯ ಈಸ್ಟ್ ನಾಯ್ಲ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ, ಮುಂದೆ ವಿಂಡ್ಸರ್‌ನ ಡೀನ್ ಆದವರು. ದೊಡ್ಡಪ್ಪ ಮ್ಯಾಥ್ಯೂ ರೆನ್ ಬಿಷಪ್. ರಾಜನ ಪಕ್ಷದ ಮನೆತನ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದಾಗ ಇಂಥ ಮನೆಗಳ ಮೇಲೆ ಏನು ಬೀಳಬಹುದೋ ಅದೆಲ್ಲ ಬಿತ್ತು. ವಿಂಡ್ಸರ್‌ನ ಮನೆಯನ್ನು ಸೈನಿಕರು ದೋಚಿದರು. ದೊಡ್ಡಪ್ಪನನ್ನು ಲಂಡನ್ ಟವರ್‌ನಲ್ಲಿ ಸೆರೆ ಹಾಕಿದರು, ಅಲ್ಲಿ ಅವರು ಸುಮಾರು 18 ವರ್ಷ ಕಳೆದರು. ಹುಡುಗ ಕ್ರಿಸ್ಟೋಫರ್‌ಗೆ ಆಸರೆಯಾದದ್ದು ಅಕ್ಕ ಸೂಸನ್‌ಳ ಮನೆ. ಅಕ್ಕನ ಗಂಡ ವಿಲಿಯಂ ಹೋಲ್ಡರ್ ಗಣಿತ ಬಲ್ಲವರು. ಕುಳ್ಳಗೆ, ತೆಳ್ಳಗೆ ಇದ್ದ ಈ ಹುಡುಗನಿಗೆ ಲೆಕ್ಕದ ರುಚಿ ಹತ್ತಿಸಿದ್ದು ಆ ಭಾವನೇ.

ಆಮೇಲೆ ಆಕ್ಸ್‌ಫರ್ಡ್‌ನ ವಾಡಂ ಕಾಲೇಜು. ಹೊರಗೆ ರಾಜನ ತಲೆ ಉರುಳಿತ್ತು, ಕ್ರಾಮ್‌ವೆಲ್ ಆಳುತ್ತಿದ್ದ. ರಾಜಕೀಯ ಮಾತಾಡಿದರೆ ಕುತ್ತು ಎಂಬ ಕಾಲದಲ್ಲಿ ಒಂದಷ್ಟು ಜನ ಕಾಲೇಜಿನ ಕೋಣೆಗಳಲ್ಲಿ ಸೇರಿ ಗಾಳಿ, ಬೆಳಕು, ರಕ್ತ, ಚಂದ್ರ ಇವುಗಳ ಬಗ್ಗೆ ಮಾತಾಡಿಕೊಂಡು ಪ್ರಯೋಗ ಮಾಡುತ್ತಿದ್ದರು. ರೆನ್ ಆ ಗುಂಪಿನ ಅತಿ ಚಿಕ್ಕವರಲ್ಲೊಬ್ಬ. 1656ರಲ್ಲಿ ನಾಯಿಯ ರಕ್ತನಾಳಕ್ಕೆ ಕೊಳವೆ ಚುಚ್ಚಿ ನೇರವಾಗಿ ದ್ರವ ಬಿಟ್ಟು ನೋಡಿದ. ನಾವು ಇಂದು ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳುವ ಸಲೈನಿನ ಮುತ್ತಜ್ಜ ಅದು. ಥಾಮಸ್ ವಿಲ್ಲಿಸ್ ಎಂಬ ವೈದ್ಯ ಮೆದುಳಿನ ಮೇಲೆ ಬರೆದ ಪ್ರಸಿದ್ಧ ಗ್ರಂಥಕ್ಕೆ ಚಿತ್ರಗಳನ್ನು ಬಿಡಿಸಿಕೊಟ್ಟ. ಉರುಳುವ ಚಕ್ರದ ಅಂಚಿನ ಒಂದು ಬಿಂದು ಎಳೆಯುವ ಗೆರೆಯ ಉದ್ದ ಎಷ್ಟೆಂಬ ಲೆಕ್ಕವನ್ನು 1658ರಲ್ಲಿ ಬಿಡಿಸಿದ. ಆ ಮೊದಲೇ, 1657ರಲ್ಲಿ, ಲಂಡನ್ನಿನ ಗ್ರೆಷಂ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರೊಫೆಸರ್ ಆಗಿದ್ದ. 1660ರ ನವೆಂಬರ್ 28ರಂದು ಆತನ ಉಪನ್ಯಾಸ ಮುಗಿದ ಮೇಲೆ ಕೆಲವರು ಒಟ್ಟಿಗೆ ಕುಳಿತು ತಮ್ಮದೊಂದು ಸಂಘ ಕಟ್ಟಲು ತೀರ್ಮಾನಿಸಿದರು. ಅದೇ ರಾಯಲ್ ಸೊಸೈಟಿ.

ನಾನು ವಿಜಯಪುರದವನು. 1656 ಎಂದ ಕೂಡಲೇ ನನಗೆ ನೆನಪಾಗುವುದು ಬೇರೆ. ಮಹಮ್ಮದ್ ಆದಿಲ್ ಶಾಹಿ ತೀರಿಕೊಂಡದ್ದು, ಗೋಳಗುಮ್ಮಟದ ಕೆಲಸ ನಿಂತದ್ದು ಆ ವರ್ಷ. ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ ನಮ್ಮ ಬಯಲಿನ ಮೇಲೆ ಎದ್ದು ನಿಂತಾಗ, ಲಂಡನ್ನಿನ ಗುಮ್ಮಟ ಕಟ್ಟಬೇಕಾದವನು ಆಕ್ಸ್‌ಫರ್ಡ್‌ನಲ್ಲಿ ನಾಯಿಗೆ ಸೂಜಿ ಚುಚ್ಚುತ್ತಿದ್ದ. ಇವೆರಡನ್ನು ಹೋಲಿಸುವ ಚಪಲ ನನ್ನಂಥವನಿಗೆ ಬಿಡದು, ಮುಂದೆ ಅದಕ್ಕೆ ಬರುತ್ತೇನೆ.

ಕಟ್ಟಡಕ್ಕೆ ರೆನ್‌ನನ್ನು ಎಳೆದವರಲ್ಲಿ ಅದೇ ದೊಡ್ಡಪ್ಪ ಒಬ್ಬರು. ಸೆರೆಯಿಂದ ಬಿಡುಗಡೆಯಾದ ಮೇಲೆ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿಗೆ ಪ್ರಾರ್ಥನಾಮಂದಿರ ಕಟ್ಟಿಸಲು ಮನಸ್ಸು ಮಾಡಿ, ಆ ಕೆಲಸವನ್ನು ತಮ್ಮನ ಮಗನಿಗೆ ವಹಿಸಿದರು. ಸುಮಾರು ಅದೇ ಹೊತ್ತಿಗೆ ಆಕ್ಸ್‌ಫರ್ಡ್‌ನಲ್ಲಿ ಶೆಲ್ಡೋನಿಯನ್ ಥಿಯೇಟರ್. ಅಲ್ಲಿ ಸಮಸ್ಯೆ ಏನೆಂದರೆ, ಸಭಾಂಗಣದ ಅಗಲ 70 ಅಡಿ, ನಡುವೆ ಕಂಬ ಬರಕೂಡದು. ಅಷ್ಟುದ್ದದ ಮರದ ತೊಲೆ ಸಿಗುವುದಿಲ್ಲ. ರೆನ್ ಸಣ್ಣ ಸಣ್ಣ ಮರದ ತುಂಡುಗಳನ್ನು ಹಲ್ಲು ಕಚ್ಚಿಸಿ ಜೋಡಿಸಿ ಟ್ರಸ್ ಮಾಡಿ ಮಾಡು ನಿಲ್ಲಿಸಿದ. ಆಗ ಆರ್ಕಿಟೆಕ್ಟ್ ಎಂಬ ಪದವಿಯೂ ಇರಲಿಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಎಂಬ ಪದವಂತೂ ಹುಟ್ಟೇ ಇರಲಿಲ್ಲ. ಲೆಕ್ಕ ಬಲ್ಲವನು ಕಟ್ಟಡವನ್ನೂ ಬಲ್ಲ ಎಂಬ ನಂಬಿಕೆ ಇತ್ತು. ನಮ್ಮಲ್ಲಿ ಈಗ ಆರ್ಕಿಟೆಕ್ಟ್ ಒಂದು ಆಫೀಸು, ಸ್ಟ್ರಕ್ಚರಲ್ ಇನ್ನೊಂದು, ಇಬ್ಬರ ನಡುವೆ ದಿನಕ್ಕೆ ಇಪ್ಪತ್ತು ಇ-ಮೇಲ್. ಇರಲಿ.

1665ರಲ್ಲಿ ಲಂಡನ್ನಿಗೆ ಪ್ಲೇಗು ಬಂತು. ರೆನ್ ಪ್ಯಾರಿಸ್‌ಗೆ ಹೋದ. ಅಲ್ಲಿ ಬರ್ನಿನಿಯನ್ನು ಕಂಡ, ಲೂವ್ರ್ ಅರಮನೆಗೆ ಆ ಮುದಿ ಇಟಾಲಿಯನ್ ಬರೆದ ನಕ್ಷೆಯನ್ನು ಕೆಲವೇ ನಿಮಿಷ ನೋಡಲು ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ ಆತ ಅಲ್ಲಿ ಗುಮ್ಮಟಗಳನ್ನು ನೋಡಿದ. ಲಂಡನ್ನಿನಲ್ಲಿ ಆಗ ಹೇಳಿಕೊಳ್ಳುವಂಥ ಒಂದು ಗುಮ್ಮಟವೂ ಇರಲಿಲ್ಲ. ಊರಿನ ನಡುವಿದ್ದ ಹಳೆಯ ಸೇಂಟ್ ಪಾಲ್ ಕೆಥೆಡ್ರಲ್‌ಗೆ ಒಂದು ಕಾಲದಲ್ಲಿ ಎತ್ತರದ ಚೂಪು ಶಿಖರವಿತ್ತು, 1561ರಲ್ಲಿ ಸಿಡಿಲು ಬಡಿದು ಅದು ಹೋದ ಮೇಲೆ ಮತ್ತೆ ಕಟ್ಟಿರಲಿಲ್ಲ. ಗೋಡೆಗಳು ವಾಲಿದ್ದವು. ಊರಿಗೆ ಮರಳಿದ ರೆನ್ ಆ ಹಳೆಯ ಕಟ್ಟಡದ ನಡುವಿಗೆ ಗುಮ್ಮಟ ಕೂರಿಸುವ ಯೋಜನೆ ಕೊಟ್ಟ. 1666ರ ಆಗಸ್ಟ್ 27ರಂದು ಸ್ಥಳ ತನಿಖೆ ನಡೆದು, ವಾದ ವಿವಾದವಾಗಿ, ಗುಮ್ಮಟಕ್ಕೆ ಒಪ್ಪಿಗೆ ಸಿಕ್ಕಿತು.

ಆರು ದಿನ ಕಳೆದು, ಸೆಪ್ಟೆಂಬರ್ 2ರ ಭಾನುವಾರ ನಸುಕಿನಲ್ಲಿ, ಪುಡ್ಡಿಂಗ್ ಲೇನಿನ ಒಂದು ಬೇಕರಿಗೆ ಬೆಂಕಿ ಬಿತ್ತು.

ನಾಲ್ಕು ದಿನ ಉರಿದ ಬೆಂಕಿಯಲ್ಲಿ 13,200 ಮನೆಗಳೂ 87 ಚರ್ಚುಗಳೂ ಹೋದವು. ಕೆಥೆಡ್ರಲ್ ಕಲ್ಲಿನದು, ಉಳಿದೀತು ಎಂದು ಪುಸ್ತಕ ವ್ಯಾಪಾರಿಗಳು ತಮ್ಮ ದಾಸ್ತಾನನ್ನೆಲ್ಲ ಅದರ ನೆಲಮಾಳಿಗೆಯಲ್ಲಿ ತುಂಬಿದ್ದರು. ದುರಸ್ತಿಗೆಂದು ಸುತ್ತ ಕಟ್ಟಿದ್ದ ಮರದ ಅಟ್ಟಣಿಗೆಗೇ ಕಿಡಿ ತಾಗಿತು. ಮಾಡಿನ ಸೀಸ ಕರಗಿ ಬೀದಿಯಲ್ಲಿ ಹರಿಯಿತು. ಪುಸ್ತಕಗಳೂ ಸುಟ್ಟವು.

ಬೂದಿ ಇನ್ನೂ ಬಿಸಿ ಇರುವಾಗಲೇ, ಸೆಪ್ಟೆಂಬರ್ 11ರಂದು, ರೆನ್ ರಾಜ ಎರಡನೇ ಚಾರ್ಲ್ಸ್‌ನ ಮುಂದೆ ಹೊಸ ಲಂಡನ್ನಿನ ನಕ್ಷೆ ಹರಡಿದ. ಅಗಲವಾದ ನೇರ ರಸ್ತೆಗಳು, ವೃತ್ತಗಳು, ನದಿ ದಂಡೆಗೆ ಉದ್ದಕ್ಕೂ ಕಟ್ಟೆ. ಚಂದದ ನಕ್ಷೆ. ಆದರೆ ಕಾಗದದ ಮೇಲೆಯೇ ಉಳಿಯಿತು. ಕಾರಣ ನಮ್ಮ ಯಾವ ರಿಡೆವಲಪ್‌ಮೆಂಟ್ ಸೊಸೈಟಿಯ ಕಾರ್ಯದರ್ಶಿಯೂ ಕೂಡಲೇ ಹೇಳಿಯಾನು: ಸಾವಿರಾರು ಸಣ್ಣ ಸೈಟುಗಳು, ಒಂದೊಂದಕ್ಕೂ ಮಾಲೀಕ, ಬಾಡಿಗೆದಾರ, ಒಳಬಾಡಿಗೆದಾರ. ಎಲ್ಲರ ಹಕ್ಕನ್ನೂ ಅಳೆದು ಅದಲು ಬದಲು ಮಾಡಲು ಹಣವೂ ಇಲ್ಲ, ಕಾಯುವ ವ್ಯವಧಾನವೂ ಇಲ್ಲ. ಚಳಿಗಾಲ ಬರುತ್ತಿತ್ತು, ಜನರಿಗೆ ಸೂರು ಬೇಕಿತ್ತು. ಹಳೆಯ ಬೀದಿಗಳ ಗೆರೆಯ ಮೇಲೆಯೇ ಊರು ಮತ್ತೆ ಎದ್ದಿತು. ಆ ನಕ್ಷೆ ಜಾರಿಯಾಗದ್ದಕ್ಕೆ ಮರುಗುವ ವಾಸ್ತುಪ್ರೇಮಿಗಳಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಮನೆ ಕಳೆದುಕೊಂಡವರು ಡೇರೆಯಲ್ಲಿ ಕುಳಿತು ವೃತ್ತಾಕಾರದ ಚೌಕಗಳಿಗೆ ಕಾಯಬೇಕಿತ್ತು ಎನ್ನುವುದು ಯಾವ ನ್ಯಾಯ?

ಬದಲಿಗೆ 1667ರಲ್ಲಿ ಬಂದ ಕಾನೂನು ಸಪ್ಪೆಯಾಗಿ ಕಂಡರೂ ಊರಿನ ರೂಪವನ್ನು ಬದಲಿಸಿದ್ದು ಅದೇ. ಮನೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕು. ಮನೆಗಳಲ್ಲಿ ನಾಲ್ಕು ವರ್ಗ. ಯಾವ ರಸ್ತೆಗೆ ಎಷ್ಟು ಅಂತಸ್ತು ಎಂಬುದು ನಿಗದಿ, ಗರಿಷ್ಠ ನಾಲ್ಕು. ಚರ್ಚುಗಳಿಗೆ, ಕೆಥೆಡ್ರಲ್‌ಗೆ ದುಡ್ಡು ಹೊಂದಿಸಲು ಲಂಡನ್ ಬಂದರಿಗೆ ಬರುವ ಕಲ್ಲಿದ್ದಲಿನ ಮೇಲೆ ತೆರಿಗೆ. ಆ ಕಲ್ಲಿದ್ದಲು ಸಾವಿರಾರು ಒಲೆಗಳಲ್ಲಿ ಉರಿದು, ಅದರ ಮಸಿ ಮುಂದೆ ಅದೇ ಕೆಥೆಡ್ರಲ್‌ನ ಬಿಳಿ ಪೋರ್ಟ್‌ಲ್ಯಾಂಡ್ ಕಲ್ಲನ್ನು ಕಪ್ಪಾಗಿಸಿತು ಎನ್ನುವುದು ಬೇರೆ ಮಾತು.

ಮನೆಗಳೆಲ್ಲ ಒಂದು ಮಟ್ಟದಲ್ಲಿ ನಿಂತದ್ದರಿಂದ ಅವುಗಳ ಮೇಲೆ ಏಳುವುದೆಲ್ಲ ಎದ್ದು ಕಂಡಿತು. ಸುಟ್ಟ 87 ಚರ್ಚುಗಳ ಬದಲು 51 ಕಟ್ಟುವುದೆಂದು ತೀರ್ಮಾನವಾಯಿತು. 1669ರಲ್ಲಿ ರೆನ್ ರಾಜನ ಕಟ್ಟಡಗಳ ಮುಖ್ಯ ಸರ್ವೇಯರ್ ಆಗಿದ್ದ, ಈ ಚರ್ಚುಗಳ ಹೊಣೆಯೂ ಆತನದೇ. ಒಬ್ಬನೇ ಎಲ್ಲವನ್ನೂ ಬಿಡಿಸಿದ ಎಂದು ನಂಬುವುದು ಬೇಡ. ಆಫೀಸಿತ್ತು, ಸಹಾಯಕರಿದ್ದರು, ಎಲ್ಲಕ್ಕಿಂತ ಮಿಗಿಲಾಗಿ ರಾಬರ್ಟ್ ಹುಕ್ ಇದ್ದ. ಸ್ಪ್ರಿಂಗಿನ ನಿಯಮದಿಂದಾಗಿ ಪ್ರತಿ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಗೊತ್ತಿರುವ ಅದೇ ಹುಕ್. ಬೆಂಕಿಯ ನೆನಪಿಗೆ ನಿಲ್ಲಿಸಿದ 202 ಅಡಿಯ ಮಾನ್ಯುಮೆಂಟ್ ಕಂಬ ಇಬ್ಬರ ಜಂಟಿ ಕೆಲಸ. ಅದರ ಟೊಳ್ಳನ್ನು ನೇರ ಆಕಾಶ ನೋಡುವ ದೂರದರ್ಶಕವಾಗಿ ಬಳಸಬೇಕೆಂಬುದು ಅವರ ಒಳಗಿನ ಆಸೆ. ಬೀದಿಯ ಗಾಡಿಗಳ ಓಡಾಟಕ್ಕೆ ಕಂಬ ಅದುರುತ್ತಿತ್ತು, ಆಗಲಿಲ್ಲ.

ಚರ್ಚಿನ ಒಳಗು ಮೊದಲು, ಶಿಖರ ಆಮೇಲೆ, ಅದೂ ದುಡ್ಡು ಬಂದಾಗ. ಸೇಂಟ್ ಮೇರಿ ಲೆ ಬೋ ಚರ್ಚಿನ ಶಿಖರ 1680ರಲ್ಲಿ ಮುಗಿಯಿತು, ಸೇಂಟ್ ಬ್ರೈಡ್ಸ್ ಚರ್ಚಿನದು ಮುಂದಿನ ಶತಮಾನದ ಆರಂಭದಲ್ಲಿ. ಸೇಂಟ್ ಬ್ರೈಡ್ಸ್‌ನ ಅಂತಸ್ತು ಅಂತಸ್ತಾದ ಶಿಖರ ನೋಡಿಯೇ ಮದುವೆಯ ಕೇಕಿಗೆ ಆ ಆಕಾರ ಬಂತೆಂದು ಊರಿನ ದಂತಕತೆ. ಒಂದರಂತೆ ಇನ್ನೊಂದಿಲ್ಲ. ಇರುಕು ಗಲ್ಲಿಗಳಲ್ಲಿ ಚರ್ಚಿನ ಗೋಡೆ ಕಾಣುವುದೇ ಇಲ್ಲವಾದ್ದರಿಂದ, ಕಾಣುವ ಜಾಗಕ್ಕೆ, ಅಂದರೆ ಮಾಡುಗಳ ಮೇಲಕ್ಕೆ, ಆತ ಎಲ್ಲ ಕಲ್ಪನೆಯನ್ನೂ ಸುರಿದ. ಹದಿನೆಂಟನೇ ಶತಮಾನದಲ್ಲಿ ಇಟಲಿಯ ಚಿತ್ರಕಾರ ಕನಲೆಟ್ಟೊ ಲಂಡನ್ನಿಗೆ ಬಂದು ಬರೆದ ಚಿತ್ರಗಳಲ್ಲಿ ಆ ದಿಗಂತ ಕಾಣುತ್ತದೆ. ಕೆಳಗೆ ನದಿ, ಅದರ ಮೇಲೆ ಒಂದೇ ಮಟ್ಟದ ಮನೆಗಳು, ಸೂಜಿಗಳಂತೆ ಹತ್ತಾರು ಬಿಳಿ ಶಿಖರಗಳು, ನಡುವೆ ಒಂದೇ ಒಂದು ಗುಮ್ಮಟ.

ಆ ಗುಮ್ಮಟದ ಕತೆ ನಿಧಾನದ್ದು. ಮೊದಲು ಹಳೆಯ ಕೆಥೆಡ್ರಲ್‌ನ ಅವಶೇಷ ಕೆಡವಬೇಕಿತ್ತು. ರೆನ್ ಸಿಡಿಮದ್ದು ಬಳಸಿದ. ಆತ ಊರಲ್ಲಿಲ್ಲದಾಗ ಸಹಾಯಕ ಹೆಚ್ಚು ಮದ್ದು ತುಂಬಿ, ಕಲ್ಲೊಂದು ಹಾರಿ ಪಕ್ಕದ ಮನೆಯೊಳಕ್ಕೆ ಬಿತ್ತು. ಸಿಡಿಮದ್ದು ನಿಂತಿತು. ಉದ್ದನೆಯ ಮರದ ದಿಮ್ಮಿಯನ್ನು ತೂಗುಹಾಕಿ ಮೂವತ್ತು ಆಳುಗಳಿಂದ ಗೋಡೆಗೆ ಗುದ್ದಿಸಿ ಬೀಳಿಸಿದರು.

ನಕ್ಷೆಯ ಜಗಳ ಇದಕ್ಕಿಂತ ಕಷ್ಟದ್ದು. 1673–74ರಲ್ಲಿ ರೆನ್ ತನ್ನ ಮನಸ್ಸಿಗೆ ಹತ್ತಿದ ವಿನ್ಯಾಸವನ್ನು ಓಕ್ ಮರದಲ್ಲಿ ಮಾಡಿಸಿದ, ಆರು ಮೀಟರಿಗೂ ಉದ್ದ, ಒಳಗೆ ಮನುಷ್ಯ ನಿಂತು ನೋಡಬಹುದು. ಆ ಮಾದರಿ ಇಂದಿಗೂ ಕೆಥೆಡ್ರಲ್‌ನಲ್ಲಿದೆ. ನಡುವೆ ವಿಶಾಲ ಗುಮ್ಮಟ, ಸುತ್ತ ಚಾಚಿದ ಗಿಡ್ಡ ತೋಳುಗಳು. ಪಾದ್ರಿಗಳು ಒಪ್ಪಲಿಲ್ಲ. ಮೆರವಣಿಗೆಗೆ ಉದ್ದನೆಯ ಅಂಗಣ ಎಲ್ಲಿ? ಇದು ರೋಮಿನವರ ಚರ್ಚಿನಂತಿದೆಯಲ್ಲ? ಮೂರನೆಯ ಆಕ್ಷೇಪ ನನಗೆ ಗಟ್ಟಿಯಾಗಿ ತೋರುತ್ತದೆ: ದುಡ್ಡು ಕಂತಿನಲ್ಲಿ ಬರುವಾಗ ಕಟ್ಟಡವೂ ಕಂತಿನಲ್ಲಿ ಏಳಬೇಕು. ಒಂದು ತುದಿ ಮುಗಿಸಿ ಪೂಜೆ ಶುರು ಮಾಡಿ ಉಳಿದದ್ದನ್ನು ಆಮೇಲೆ ಕಟ್ಟಬಹುದು. ಈ ಗುಮ್ಮಟದ ಮಾದರಿಯಲ್ಲಿ ಎಲ್ಲ ಒಮ್ಮೆಗೇ ಮುಗಿಯಬೇಕು. ರೆನ್ ಸೋತ. ಅತ್ತನೆಂದೂ ಹೇಳುತ್ತಾರೆ. ಅಂದಿನಿಂದ ಹೊರಗಿನವರಿಗೆ ಮಾದರಿ ತೋರಿಸುವುದನ್ನೇ ಬಿಟ್ಟ.

1675ರಲ್ಲಿ ರಾಜನ ಮುದ್ರೆ ಬಿದ್ದ ನಕ್ಷೆ ನೋಡಿದರೆ ನಗು ಬರುತ್ತದೆ. ಉದ್ದನೆಯ ಸಾಂಪ್ರದಾಯಿಕ ಚರ್ಚು, ನಡುವೆ ಚಪ್ಪಟೆ ಗುಮ್ಮಟ, ಅದರ ಮೇಲೆ ಚೂಪು ಶಿಖರ. ಆದರೆ ಆ ಒಪ್ಪಿಗೆಯಲ್ಲಿ ಒಂದು ಸಾಲಿನ ಸಡಿಲವಿತ್ತು, ಅಲಂಕಾರದ ಸಣ್ಣಪುಟ್ಟ ಬದಲಾವಣೆ ರೆನ್‌ಗೆ ಬಿಟ್ಟದ್ದು. ಆ ಸಾಲಿನ ಕಿಂಡಿಯಿಂದ ಆತ ಇಡೀ ಕೆಥೆಡ್ರಲ್ಲನ್ನೇ ಬದಲಿಸಿ ಹೊರತಂದ. ಜೂನ್ 21ರಂದು ಮೊದಲ ಕಲ್ಲು ಬಿತ್ತು. ಒಂದು ತುದಿಯಿಂದ ಕಟ್ಟುವ ಬದಲು ಆತ ಬೇಗ ಬೇಗ ಸುತ್ತಲೂ ಪಾಯ ಹರಡಿದ, ನಡುವೆ ದುಡ್ಡು ಮುಗಿಯಿತೆಂದು ಯಾರೂ ಅರ್ಧಕ್ಕೆ ಕತ್ತರಿಸದಂತೆ. ಅಟ್ಟಣಿಗೆಯ ಮರೆಯಲ್ಲಿ ವರ್ಷ ವರ್ಷವೂ ನಕ್ಷೆ ತಿದ್ದಿದ. ಇಂದು ಹೀಗೆ ಮಾಡಿದರೆ ಕಮೆನ್ಸ್‌ಮೆಂಟ್ ಸರ್ಟಿಫಿಕೇಟು ರದ್ದಾಗುತ್ತದೆ. ಆದರೂ ಆ ಕಳ್ಳತನ ನಡೆಯದಿದ್ದರೆ ಲಂಡನ್ನಿಗೆ ಒಂದು ವಿಕಾರ ಶಿಖರ ಉಳಿಯುತ್ತಿತ್ತು, ಮುನ್ನೂರು ವರ್ಷದ ಮೇಲೆ ಯಾರೂ ಅದಕ್ಕಾಗಿ ತಮ್ಮ ಕಟ್ಟಡ ವಾಲಿಸುತ್ತಿರಲಿಲ್ಲ.

ಪಾಯದ ವಿಷಯ ಹೇಳದೆ ಮುಂದೆ ಹೋಗಲು ನನಗಾಗದು. ಲಂಡನ್ನಿನ ಆ ದಿಬ್ಬದಲ್ಲಿ ಮೇಲೆ ಕುಂಬಾರರ ಜೇಡಿ ಮಣ್ಣಿನ ತೆಳು ಗಟ್ಟಿ ಪದರ, ಅದರ ಕೆಳಗೆ ಸಡಿಲ ಮರಳು, ಇನ್ನೂ ಕೆಳಗೆ ಜೇಡಿ. ರೆನ್ ಮೇಲಿನ ಗಟ್ಟಿ ಪದರದ ಮೇಲೆ ಕೆಥೆಡ್ರಲ್ ಕೂರಿಸಿದ. ಈಶಾನ್ಯ ಮೂಲೆಗೆ ಬಂದಾಗ ಆ ಪದರವೇ ಇಲ್ಲ, ಹಿಂದೆ ಯಾರೋ ಕುಂಬಾರರು ಮಣ್ಣು ತೆಗೆದ ಹಳ್ಳ. ಇಷ್ಟೇ ಜಾಗಕ್ಕೆ ಮರದ ಗೂಟ ಹೊಡೆದು ಮುಗಿಸಿ ಎಂದವರಿದ್ದರು. ಮರ ಕೊಳೆಯುತ್ತದೆ ಎಂದು ಆತ ಒಪ್ಪದೆ, ಸುಮಾರು 40 ಅಡಿ ಆಳಕ್ಕೆ ಬಾವಿ ತೋಡಿಸಿ, ಗಟ್ಟಿ ನೆಲ ಸಿಕ್ಕಲ್ಲಿಂದ ಕಲ್ಲಿನ ಕಂಬ ಎಬ್ಬಿಸಿ, ಮೇಲೆ ಕಮಾನು ಕಟ್ಟಿ ಮೂಲೆಯನ್ನು ಅದರ ಮೇಲೆ ನಿಲ್ಲಿಸಿದ.

ಇನ್ನು ಗುಮ್ಮಟ. ಗೋಳಗುಮ್ಮಟದಲ್ಲಿ ಒಳಗಿನಿಂದ ಕಾಣುವುದೂ ಹೊರಗಿನಿಂದ ಕಾಣುವುದೂ ಒಂದೇ ದಪ್ಪನೆಯ ಚಿಪ್ಪು. ಅದು ಹೊರಕ್ಕೆ ಒತ್ತುವ ಬಲವನ್ನು ಒಂದನ್ನೊಂದು ಕತ್ತರಿಸುವ ಕಮಾನುಗಳ ಭಾರ ಹಿಡಿದಿಡುತ್ತದೆ. ನೇರ, ನಿಚ್ಚಳ ಎಂಜಿನಿಯರಿಂಗ್. ರೆನ್‌ನ ಸಮಸ್ಯೆ ಬೇರೆ. ಊರಿಗೆಲ್ಲ ಕಾಣಬೇಕಾದರೆ ಗುಮ್ಮಟ ಬಹಳ ಎತ್ತರವಿರಬೇಕು, ಅಷ್ಟು ಎತ್ತರದ್ದನ್ನು ಒಳಗಿನಿಂದ ನೋಡಿದರೆ ಕತ್ತಲ ಬಾವಿಯಂತೆ ಕಾಣುತ್ತದೆ. ತುದಿಯಲ್ಲಿ ಸುಮಾರು 850 ಟನ್ ತೂಕದ ಕಲ್ಲಿನ ಲ್ಯಾಂಟರ್ನ್ ಬೇರೆ. ಆತ ಮೂರು ಗುಮ್ಮಟ ಕಟ್ಟಿದ. ಒಳಗಿನವರಿಗೆ ಕಾಣುವುದು ತಗ್ಗಾದ ಇಟ್ಟಿಗೆಯ ಗುಮ್ಮಟ. ಹೊರಗಿನವರಿಗೆ ಕಾಣುವುದು ಮರದ ಹಂದರದ ಮೇಲೆ ಸೀಸ ಹೊದಿಸಿದ ಗುಮ್ಮಟ. ಇವೆರಡರ ನಡುವೆ, ಯಾರಿಗೂ ಕಾಣದಂತೆ, ಬರೀ 18 ಇಂಚು ದಪ್ಪದ ಇಟ್ಟಿಗೆಯ ಶಂಕು. ಲ್ಯಾಂಟರ್ನನ್ನು ಹೊತ್ತದ್ದು ಅದು. ಶಂಕುವಿನ ಬುಡ ಅಗಲವಾಗದಂತೆ ಕಲ್ಲಿನ ಪಟ್ಟಿಯಲ್ಲಿ ಕಾಲುವೆ ಕೊರೆದು ಕಬ್ಬಿಣದ ಸರಪಳಿ ಸುತ್ತಿ ಸೀಸ ಹೊಯ್ದರು. ಶಂಕು ಏಕೆ? ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿ ಯಾವ ಬಾಗು ತಳೆಯುತ್ತದೋ ಅದನ್ನು ಬೋರಲು ಮಾಡಿದರೆ ಆದರ್ಶ ಕಮಾನು ಎಂಬ ತತ್ತ್ವವನ್ನು ಹುಕ್ 1675ರಲ್ಲಿ ಕಂಡುಕೊಂಡಿದ್ದ. ಯಾರೂ ಕದಿಯಬಾರದೆಂದು ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ್ದ. ಆ ಸರಪಳಿಯ ನಡುವೆ ಭಾರವಾದ ಗುಂಡು ನೇತುಹಾಕಿ, ಅದು ಹೆಚ್ಚು ಹೆಚ್ಚು ನೆಟ್ಟಗಾಗುತ್ತದೆ. ಲ್ಯಾಂಟರ್ನ್ ಎಂದರೆ ಆ ಗುಂಡು, ಬೋರಲಾದ ನೆಟ್ಟಗಿನ ಬಾಗು ಎಂದರೆ ಹೆಚ್ಚುಕಡಿಮೆ ಶಂಕು. ಒಳಗೂ ಹೊರಗೂ ಕಾಣುವುದೆಲ್ಲ ರೂಪ, ಭಾರ ಹೊತ್ತದ್ದು ಕಾಣದ್ದು. ಇದನ್ನು ಮೋಸವೆಂದವರಿದ್ದಾರೆ. ಮಳೆಗೆ ಛತ್ರಿ ಹಿಡಿಯುವುದು ಮೋಸವಾದರೆ ಇದೂ ಮೋಸ.

ಪಿಸುಗುಡುವ ಗ್ಯಾಲರಿ ಎರಡೂ ಕಡೆ ಇದೆ. ನಮ್ಮ ಸಿ.ವಿ. ರಾಮನ್ 1921ರಲ್ಲಿ ಇಂಗ್ಲೆಂಡಿಗೆ ಹೋದಾಗ ಸೇಂಟ್ ಪಾಲ್‌ನ ಗ್ಯಾಲರಿಯಲ್ಲಿ ಶಬ್ದ ಗೋಡೆಯನ್ನು ಹಿಡಿದು ಸಾಗುವ ಬಗೆಯನ್ನು ಪರೀಕ್ಷಿಸಿ ಪ್ರಬಂಧ ಬರೆದರು. ಮುಂದೆ ಗೋಳಗುಮ್ಮಟದ ಬಗ್ಗೆಯೂ ಬರೆದರು. ಸಮುದ್ರದ ನೀಲಿಯ ಕತೆಯಾಗಿ ಎಲ್ಲರೂ ಕೇಳಿರುವ ಪ್ರಯಾಣ ಅದೇ.

ಈ ಮೂವತ್ತೈದು ವರ್ಷ ರೆನ್‌ನ ಮನೆಯಲ್ಲಿ ಏನೇನಾಯಿತು ಎಂಬುದನ್ನು ಕಟ್ಟಡದ ಪುಸ್ತಕಗಳು ಒಂದು ಪ್ಯಾರಾದಲ್ಲಿ ಮುಗಿಸುತ್ತವೆ. 1669ರಲ್ಲಿ ಫೇತ್ ಕಾಗ್‌ಹಿಲ್‌ಳನ್ನು ಮದುವೆಯಾದ. ಮೊದಲ ಮಗು ಎಳವೆಯಲ್ಲೇ ಹೋಯಿತು. ಎರಡನೆಯ ಮಗ ಹುಟ್ಟಿದ 1675ರಲ್ಲೇ, ಅಂದರೆ ಕೆಥೆಡ್ರಲ್‌ಗೆ ಮೊದಲ ಕಲ್ಲು ಬಿದ್ದ ವರ್ಷವೇ, ಫೇತ್ ಸಿಡುಬಿಗೆ ಬಲಿಯಾದಳು. ಎರಡು ವರ್ಷ ಬಿಟ್ಟು ಜೇನ್ ಫಿಟ್ಜ್‌ವಿಲಿಯಂಳನ್ನು ಮದುವೆಯಾದ, ಆಕೆಯೂ 1680ರಲ್ಲಿ ತೀರಿಕೊಂಡಳು. ಆಕೆಯ ಮಗ ವಿಲಿಯಂ ಬುದ್ಧಿ ಬೆಳೆಯದ ಮಗು. ಮಗಳು ಜೇನ್ ಸಂಗೀತ ಬಲ್ಲವಳು, ಅಪ್ಪನಿಗೆ ಜೊತೆಯಾಗಿದ್ದವಳು, 1702ರಲ್ಲಿ ಇಪ್ಪತ್ತಾರರಲ್ಲೇ ಸತ್ತಳು. ಇನ್ನೂ ಮುಗಿಯದ ಕೆಥೆಡ್ರಲ್‌ನ ನೆಲಮಾಳಿಗೆಯಲ್ಲಿ ಆಕೆಯನ್ನು ಹೂಳಿದರು. ಮುಂದಿನ ವರ್ಷ ಹುಕ್ ಹೋದ. ಮತ್ತೆ ಮದುವೆಯಾಗದ ರೆನ್ ಕೆಲಸದ ಜಾಗಕ್ಕೆ ಬರುತ್ತಲೇ ಇದ್ದ. ಎಪ್ಪತ್ತು ದಾಟಿದವನನ್ನು ಬುಟ್ಟಿಯಲ್ಲಿ ಕೂರಿಸಿ ಹಗ್ಗದಿಂದ ಮೇಲಕ್ಕೆ ಎಳೆಯುತ್ತಿದ್ದರು.

ವರ್ಷಕ್ಕೆ 200 ಪೌಂಡ್ ಸಂಬಳ. ಕೆಲಸ ಎಳೆಯುತ್ತಿದ್ದಾನೆಂದು ಗುಮಾನಿ ಬಂದು 1697ರಲ್ಲಿ ಪಾರ್ಲಿಮೆಂಟು ಅದರಲ್ಲಿ ಅರ್ಧವನ್ನು ತಡೆಹಿಡಿಯಿತು, ಮುಗಿಸಿದ ಮೇಲೆ ಕೊಡುವುದೆಂದು. ರಿಟೆನ್ಷನ್ ಮನಿ ಎಂಬ ಶಿಕ್ಷೆಯ ಹಳೆಯ ರೂಪ. ಅದರ ಹಿಂದಿನ ವರ್ಷವಷ್ಟೇ ಪೋರ್ಟ್‌ಲ್ಯಾಂಡ್‌ನಲ್ಲಿ ಗುಡ್ಡ ಕುಸಿದು ಕಲ್ಲಿನ ಸಾಗಣೆ ನಿಂತಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಗುಮ್ಮಟ ಹೊರಬೇಕಾದ ಎಂಟು ಕಂಬಗಳಲ್ಲೂ ತೊಂದರೆ ಕಾಣಿಸಿತು. ಹೊರಮೈ ಒಳ್ಳೆಯ ಕಲ್ಲು, ಒಳಗೆ ಜಲ್ಲಿ ಗಾರೆ. ಒಳಗಿನದು ಕುಗ್ಗಿ ಭಾರವೆಲ್ಲ ಹೊರಮೈಗೆ ಬಂದು ಕಲ್ಲು ಸೀಳಿತು. ಸೀಳಿದ್ದನ್ನು ಕಿತ್ತು ಹೊಸ ಕಲ್ಲು ಕೂರಿಸಿದರು. 1708ರ ಅಕ್ಟೋಬರಿನಲ್ಲಿ ಲ್ಯಾಂಟರ್ನಿನ ಕೊನೆಯ ಕಲ್ಲನ್ನು, ಮೊದಲ ಕಲ್ಲು ಬಿದ್ದ ವರ್ಷ ಹುಟ್ಟಿದ ಮಗ ಕ್ರಿಸ್ಟೋಫರ್ ಇಟ್ಟ. ಶಿಲುಬೆಯ ತುದಿಗೆ 365 ಅಡಿ. ಬಾಕಿ ಸಂಬಳ ಕೈಗೆ ಬರಲು 1711 ಆಗಬೇಕಾಯಿತು.

ಮುಗಿದ ಮೇಲೂ ನೆಮ್ಮದಿ ಇಲ್ಲ. ಆತ ಬೇಡವೆಂದರೂ ಮೇಲಿನ ಗೋಡೆಗೆ ಕಲ್ಲಿನ ಕಟಾಂಜನ ಹಾಕಿಸಿದರು. ಗುಮ್ಮಟದ ಒಳಮೈಗೆ ಮೊಸಾಯಿಕ್ ಬೇಕೆಂದರೆ ಬಣ್ಣದ ಚಿತ್ರ ಬರೆಸಿದರು. 1718ರಲ್ಲಿ, 85ರ ವಯಸ್ಸಿನಲ್ಲಿ, ರಾಜನ ಸರ್ವೇಯರ್ ಹುದ್ದೆಯಿಂದ ತೆಗೆದರು. ಆ ಜಾಗಕ್ಕೆ ಬಂದ ವಿಲಿಯಂ ಬೆನ್ಸನ್‌ಗೆ ಅರ್ಹತೆ ರಾಜಕೀಯದ್ದು. ಲಾರ್ಡ್ಸ್ ಸಭೆಯ ಕಟ್ಟಡ ಬೀಳುತ್ತದೆಂದು ವರದಿ ಕೊಟ್ಟ, ಬೇರೆಯವರು ಪರೀಕ್ಷಿಸಿದಾಗ ಅದು ಗಟ್ಟಿಯಾಗಿಯೇ ಇತ್ತು, ಸ್ವಲ್ಪ ದಿನಕ್ಕೇ ಆತನೂ ಹೋದ. ರೆನ್ ಹ್ಯಾಂಪ್ಟನ್ ಕೋರ್ಟ್ ಬಳಿಯ ಮನೆಯಲ್ಲಿ ಓದಿಕೊಂಡಿದ್ದ. ಆಗೊಮ್ಮೆ ಈಗೊಮ್ಮೆ ಲಂಡನ್ನಿಗೆ ಬಂದು ಗುಮ್ಮಟದ ಕೆಳಗೆ ಕುಳಿತು ಹೋಗುತ್ತಿದ್ದನಂತೆ. 1723ರ ಫೆಬ್ರವರಿ 25ರಂದು ಊಟವಾದ ಮೇಲೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದವನನ್ನು ಆಳು ಎಬ್ಬಿಸಲು ಬಂದಾಗ ಪ್ರಾಣ ಹೋಗಿತ್ತು. ವಯಸ್ಸು 90. ಕೆಥೆಡ್ರಲ್‌ನ ನೆಲಮಾಳಿಗೆಯಲ್ಲಿ, ಮಗಳ ಹತ್ತಿರ, ಒಂದು ಸಾದಾ ಕಲ್ಲುಚಪ್ಪಡಿಯ ಕೆಳಗಿದ್ದಾನೆ.

ಆ ಗುಮ್ಮಟಕ್ಕಿಂತ ಎತ್ತರದ್ದು ಲಂಡನ್ನಿನಲ್ಲಿ ಏಳಲು 1960ರ ದಶಕ ಬರಬೇಕಾಯಿತು. ಭಕ್ತಿಯೊಂದೇ ಕಾರಣವಲ್ಲ. ಬೆಂಕಿ ಆರಿಸುವ ಏಣಿಗೆ ಎಟುಕದ ಎತ್ತರ ಬೇಡವೆಂದು 1894ರ ಕಾನೂನು 80 ಅಡಿಯ ಮಿತಿ ಹಾಕಿತ್ತು, ಅದರ ಮೇಲೆ ಮಾಡಿನೊಳಗೆ ಎರಡು ಅಂತಸ್ತು. 1930ರ ದಶಕದಲ್ಲಿ ನದಿಯ ಕಡೆ ಎದ್ದ ಟೆಲಿಫೋನ್ ಎಕ್ಸ್‌ಚೇಂಜಿನ ಫ್ಯಾರಡೆ ಬಿಲ್ಡಿಂಗ್ ಗುಮ್ಮಟವನ್ನು ಮರೆ ಮಾಡಿದಾಗ ಜನ ಸಿಟ್ಟಾದರು. ಕೆಥೆಡ್ರಲ್‌ನ ಸರ್ವೇಯರ್ ಗಾಡ್‌ಫ್ರಿ ಆಲೆನ್ ಸುತ್ತಲಿನ ಬೀದಿ ಸೇತುವೆಗಳಿಂದ ಗುಮ್ಮಟಕ್ಕೆ ನೋಟದ ಗೆರೆಗಳನ್ನೆಳೆದು, ಆ ಗೆರೆಗಳ ಕೆಳಗೆ ಯಾವ ಸೈಟು ಎಷ್ಟು ಎತ್ತರ ಹೋಗಬಹುದೆಂದು ಕೋಷ್ಟಕ ಮಾಡಿದ. 1937ರ ಸೇಂಟ್ ಪಾಲ್ ಹೈಟ್ಸ್ ನಿಯಮ ಅದು. ಮೂರೇ ವರ್ಷಕ್ಕೆ, 1940ರ ಡಿಸೆಂಬರ್ 29ರ ರಾತ್ರಿ, ಜರ್ಮನ್ ಬಾಂಬುಗಳಿಂದ ಸುತ್ತಲ ಬೀದಿಗಳು ಉರಿದಾಗ ಒಂದು ಬೆಂಕಿಬಾಂಬು ಗುಮ್ಮಟದ ಸೀಸಕ್ಕೇ ಸಿಕ್ಕಿಕೊಂಡಿತು. ಅದರ ಕೆಳಗೆ ಒಣಮರದ ಹಂದರ. ಬಾಂಬು ತಾನಾಗಿ ಜಾರಿ ಕೆಳಗಿನ ಕಲ್ಲಿನ ಗ್ಯಾಲರಿಗೆ ಬಿತ್ತು, ಕಾವಲಿದ್ದ ಸ್ವಯಂಸೇವಕರು ಆರಿಸಿದರು. ಕಂಬಗಳ ಕತೆಯೂ ಅಲ್ಲಿಗೆ ಮುಗಿದಿರಲಿಲ್ಲ. 1925ರಿಂದ 1930ರವರೆಗೆ ಗುಮ್ಮಟದ ಭಾಗವನ್ನು ಮುಚ್ಚಿ, ಕಂಬಗಳ ಒಡಲಿಗೆ ಸಿಮೆಂಟು ಗ್ರೌಟ್ ತುಂಬಿ, ಸ್ಟೇನ್‌ಲೆಸ್ ಸ್ಟೀಲಿನ ಹೊಸ ಸರಪಳಿ ಬಿಗಿದಿದ್ದರು.

ಈಗ 310 ಮೀಟರಿನ ಶಾರ್ಡ್ ಇದೆ, 278 ಮೀಟರಿನ 22 ಬಿಷಪ್ಸ್‌ಗೇಟ್ ಇದೆ. ನೋಟದ ಗೆರೆ ಬೀಳದ ಜಾಗದಲ್ಲೆಲ್ಲ ಗೋಪುರಗಳು ಗುಂಪುಗಟ್ಟಿವೆ. ಸಿಟಿಯ ಪೂರ್ವ ಮೂಲೆಯಲ್ಲಿ ಅವು ಒತ್ತೊತ್ತಾಗಿ ನಿಂತಿರುವುದಕ್ಕೆ ಆ ಗೆರೆಗಳೂ ಒಂದು ಕಾರಣ. ನನಗೆ ಒಪ್ಪಿಗೆಯಾಗದ ಒಂದು ವಿಷಯವಿದೆ. ಕಾಪಾಡಿದ್ದು ಗುಮ್ಮಟವನ್ನು ಮಾತ್ರ. ರೆನ್ ಬಿಟ್ಟುಹೋದದ್ದು ಗುಮ್ಮಟ ಮತ್ತು ಅದರ ಸುತ್ತಲ ಶಿಖರಗಳ ಹಿಂಡು. 51 ಚರ್ಚುಗಳಲ್ಲಿ ಎಷ್ಟೋ ವಿಕ್ಟೋರಿಯನ್ನರ ಕಾಲದಲ್ಲಿ ಸೈಟಿನ ಬೆಲೆಗೆ ಹೋದವು, ಇನ್ನಷ್ಟು ಬಾಂಬಿಗೆ. ಉಳಿದವು ಆಫೀಸುಗಳ ಸಂದಿಯಲ್ಲಿ ಮುಳುಗಿವೆ. ಸೇಂಟ್ ಬ್ರೈಡ್ಸ್‌ನ ಶಿಖರವನ್ನು ನದಿಯ ಆಚೆಯಿಂದ ಈಗ ಹುಡುಕಬೇಕು.

ಲಂಡನ್ನಿನ ನೈಋತ್ಯಕ್ಕೆ ರಿಚ್ಮಂಡ್ ಪಾರ್ಕಿನಲ್ಲಿ ಒಂದು ದಿಣ್ಣೆ ಇದೆ. ಅಲ್ಲಿಂದ ಕೆಥೆಡ್ರಲ್‌ಗೆ ಹತ್ತು ಮೈಲಿ. ಗುಮ್ಮಟ ಮುಗಿದ ಹೊಸತರಲ್ಲೇ ಅಲ್ಲಿಂದ ಅದು ಕಾಣುವಂತೆ ತೋಪಿನ ನಡುವೆ ಸಾಲು ಬಿಡಿಸಿದ್ದರು. ಆ ನೋಟಕ್ಕೆ ಈಗ ಕಾನೂನಿನ ರಕ್ಷಣೆ ಇದೆ. ಆದರೂ 2016ರಲ್ಲಿ ಗುಮ್ಮಟದ ಬೆನ್ನ ಹಿಂದೆ ಒಂದು ಗೋಪುರ ಏಳುತ್ತಿರುವುದು ಜನರ ಕಣ್ಣಿಗೆ ಬಿತ್ತು. ಕೆಥೆಡ್ರಲ್‌ನಿಂದ ಎಷ್ಟೋ ದೂರದ ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಕಟ್ಟುತ್ತಿದ್ದ ನಲವತ್ತೆರಡು ಅಂತಸ್ತಿನ ಕಟ್ಟಡ ಅದು. ಗದ್ದಲವಾಯಿತು, ಅಷ್ಟರಲ್ಲಿ ಕಾಂಕ್ರೀಟು ಮೇಲೆ ಹೋಗಿಯಾಗಿತ್ತು, ಕಟ್ಟಡ ಮುಗಿಯಿತು. ದಿಣ್ಣೆಯ ಮೇಲೆ ದೂರದರ್ಶಕ ಇಟ್ಟಿದ್ದಾರೆ. ಬೇಲಿಯ ಗಿಡಗಳು ಕಿಂಡಿಯನ್ನು ಮುಚ್ಚದಂತೆ ತೋಟದವರು ಈಗಲೂ ಕತ್ತರಿಸುತ್ತಾರೆ.